ನಿದ್ದೆ ಮಾತ್ರೆ: ಯಾರಿಗೆ ಯಾವುದು, ಎಷ್ಟು, ಎಷ್ಟು ದಿನ

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಎಲ್ಲದಕ್ಕೂ ಒಂದೇ ಹೆಸರು: ನಿದ್ದೆ ಮಾತ್ರೆ. ಎರಡೂವರೆ ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಜೋಲ್ಪಿಡೆಮ್‌ಗೂ ಅದೇ ಹೆಸರು, ಮೂರು ದಿನ ಕಳೆದರೂ ಕಾಲು ಭಾಗ ಮೈಯಲ್ಲೇ ಉಳಿದಿರಬಹುದಾದ ಕ್ಲೋನಾಜೆಪಾಮ್‌ಗೂ ಅದೇ ಹೆಸರು. ಪಕ್ಕದ ಮನೆಯವರಿಗೆ ಚೆನ್ನಾಗಿ ಹೊಂದಿದ ಮಾತ್ರೆ ನಿಮ್ಮನ್ನು ಮರುದಿನ ಸ್ಕೂಟರಿನಿಂದ ಬೀಳಿಸಲು ಇಷ್ಟು ವ್ಯತ್ಯಾಸ ಸಾಕು.

ಯಾವುದು ಸ್ಟ್ರಾಂಗ್, ಯಾವುದು ಮೈಲ್ಡ್ ಎಂದು ಕೇಳಿ ಆರಿಸುವವರೇ ಹೆಚ್ಚು. ಆ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿದ್ದೆ ರಾತ್ರಿಯ ಯಾವ ಹೊತ್ತಿನಲ್ಲಿ ಕೈಕೊಡುತ್ತದೆ, ಬೆಳಿಗ್ಗೆ ಎಷ್ಟು ಗಂಟೆಗೆ ತಲೆ ಚುರುಕಾಗಿರಬೇಕು, ಈ ಎರಡು ಸಂಗತಿ ಗೊತ್ತಾದರೆ ಪಟ್ಟಿಯ ಅರ್ಧಕ್ಕರ್ಧ ಮಾತ್ರೆಗಳು ತಾವಾಗಿಯೇ ಹೊರಗುಳಿಯುತ್ತವೆ. ವಯಸ್ಸು, ಗೊರಕೆ, ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳು ಉಳಿದ ಅರ್ಧವನ್ನೂ ಸೋಸುತ್ತವೆ. ಕೆಳಗಿನ ಪ್ರಮಾಣಗಳು ವೈದ್ಯರು ಸಾಮಾನ್ಯವಾಗಿ ಬರೆಯುವಂಥವು. ನಿಮ್ಮ ಚೀಟಿಯಲ್ಲಿ ಬೇರೆ ಅಂಕಿ ಕಂಡರೆ ಅದಕ್ಕೆ ಕಾರಣವಿರಬಹುದು. ಕೇಳಿ ತಿಳಿದುಕೊಳ್ಳಿ, ನೀವೇ ತಿದ್ದಿಕೊಳ್ಳಬೇಡಿ.

ಮಾತ್ರೆ ಬೇಕೇ ಎಂಬ ಮೊದಲ ಪ್ರಶ್ನೆ

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸಕ್ಕೂ ಪೆಟ್ಟು ಬೀಳುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದಕ್ಕೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆ 2016ರಲ್ಲೂ ಯುರೋಪಿನ ಮಾರ್ಗಸೂಚಿ 2017ರಲ್ಲೂ ಹೇಳಿವೆ. ನಾಲ್ಕರಿಂದ ಎಂಟು ಭೇಟಿಗಳಲ್ಲಿ ಮುಗಿಯುತ್ತದೆ.

ಅದರ ತಿರುಳು ಬಹಳ ಸರಳ. ಎಂಟು ಗಂಟೆ ಮಲಗಿ ಐದೂವರೆ ಗಂಟೆ ಮಾತ್ರ ನಿದ್ದೆ ಬರುತ್ತಿದ್ದರೆ ಹಾಸಿಗೆಯಲ್ಲಿರುವ ಹೊತ್ತನ್ನೇ ಐದೂವರೆ ಗಂಟೆಗೆ ಇಳಿಸುವುದು. ಏಳುವುದು ಬೆಳಿಗ್ಗೆ 5:30ಕ್ಕೆ ಎಂದಾದರೆ ಮಲಗುವುದು ರಾತ್ರಿ 12ಕ್ಕೆ. ಮಲಗಿದ ಹೊತ್ತಿನಲ್ಲಿ ಶೇ. 85ಕ್ಕಿಂತ ಹೆಚ್ಚು ನಿದ್ದೆಯೇ ಆದಾಗ ವಾರಕ್ಕೆ 15 ನಿಮಿಷ ಸೇರಿಸುತ್ತಾ ಹೋಗುವುದು. ಐದು ಗಂಟೆಗಿಂತ ಕೆಳಗಿಳಿಸುವುದಿಲ್ಲ. ಮೂರ್ಛೆ ರೋಗ, ಬೈಪೋಲಾರ್ ಇರುವವರು ಮತ್ತು ಲಾರಿ, ಬಸ್ ಓಡಿಸುವವರು ಇದನ್ನು ತಾವೇ ಪ್ರಯೋಗಿಸಬಾರದು. ಮೊದಲ ಎರಡು ವಾರ ಹಗಲು ತೂಕಡಿಕೆ ಜೋರಾಗಿಯೇ ಇರುತ್ತದೆ. ಬಹಳ ಮಂದಿ ಕೈಬಿಡುವುದೂ ಅಲ್ಲೇ.

ಕಾರಣ ಬೇರೆ ಎಲ್ಲೋ ಇದ್ದರೆ ಯಾವ ಮಾತ್ರೆಯೂ ಸರಿಯಾಗಿ ಕೆಲಸ ಮಾಡದು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನ್ ರಾತ್ರಿ ಹನ್ನೊಂದಕ್ಕೂ ಅರ್ಧದಷ್ಟು ರಕ್ತದಲ್ಲಿರುತ್ತದೆ. ಬಿ.ಪಿ.ಗೆ ಕೊಟ್ಟ ನೀರಿನ ಮಾತ್ರೆಯನ್ನು ಬೆಳಿಗ್ಗೆ ಬಿಟ್ಟು ಸಂಜೆ ನುಂಗಿದರೆ ರಾತ್ರಿಯಿಡೀ ಬಚ್ಚಲಿಗೆ ಓಡಾಟ. ಸ್ಟೆರಾಯ್ಡ್ ಮಾತ್ರೆ, ಅಸ್ತಮಾದ ಥಿಯೋಫಿಲಿನ್, ಪ್ರಮಾಣ ಹೆಚ್ಚಾದ ಥೈರಾಯ್ಡ್ ಮಾತ್ರೆ ಇವೂ ಎಚ್ಚರ ಇಡಿಸುತ್ತವೆ. ಸಂಜೆಯಾದರೆ ಕಾಲು ಹರಿದಾಡಿದಂತಾಗಿ ಅಲ್ಲಾಡಿಸದೆ ಇರಲಾಗದಿದ್ದರೆ ರಕ್ತದಲ್ಲಿ ಫೆರಿಟಿನ್ ನೋಡಿಸಬೇಕು; 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶ ಕೊಟ್ಟೇ ನಿದ್ದೆ ಸುಧಾರಿಸುವುದುಂಟು. ಜೋರು ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿಬೀಳುವುದು, ಹಗಲು ಕೂತಲ್ಲೇ ಜೊಂಪು ಹತ್ತುವುದು ಇದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಮೊದಲು, ಮಾತ್ರೆಯ ಮಾತು ಆಮೇಲೆ. ಅಪ್ನಿಯಾ ಇರುವವರಿಗೆ ಬೆಂಜೊಡಯಾಜೆಪೀನ್ (ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಸೇರಿರುವ ಗುಂಪು) ಕೊಟ್ಟರೆ ಉಸಿರು ನಿಲ್ಲುವ ಅವಧಿ ಇನ್ನಷ್ಟು ಉದ್ದವಾಗಬಹುದು.

ಹಾಗಿದ್ದರೂ ಮಾತ್ರೆಗೆ ಅದರದ್ದೇ ಜಾಗ ಇದೆ. ಮನೆಯಲ್ಲಿ ಸಾವು, ಆಪರೇಷನ್ನಿನ ಹಿಂದುಮುಂದಿನ ದಿನಗಳು, ಸಿಬಿಟಿ-ಐ ಫಲ ಕೊಡುವವರೆಗಿನ ನಡುಗಾಲ, ಇಂಥಲ್ಲಿ ಕೆಲವು ದಿನಗಳ ಮಾತ್ರೆಗೆ ಹೆದರಬೇಕಾಗಿಲ್ಲ.

ಜೋಲ್ಪಿಡೆಮ್: ನಿದ್ದೆ ಹತ್ತದವರಿಗೆ

ಹಾಸಿಗೆಗೆ ಹೋಗಿ ಒಂದೆರಡು ಗಂಟೆ ಹೊರಳಾಡಿ, ಒಮ್ಮೆ ನಿದ್ದೆ ಹತ್ತಿದರೆ ಬೆಳಗಿನವರೆಗೆ ಮಲಗುವವರಿಗೆ ಇದು ಸರಿಹೊಂದುತ್ತದೆ. ಅರ್ಧ ಗಂಟೆಯೊಳಗೆ ಕೆಲಸ ಶುರು. ನಡುರಾತ್ರಿ ಮೂರಕ್ಕೆ ಎಚ್ಚರವಾಗುವ ತೊಂದರೆಗೆ 5 ಅಥವಾ 10 ಮಿ.ಗ್ರಾಂ.ನ ಸಾಮಾನ್ಯ ರೂಪ ಅಷ್ಟಾಗಿ ನೆರವಾಗದು. ಅದಕ್ಕೆಂದು ನಿಧಾನವಾಗಿ ಬಿಡುಗಡೆಯಾಗುವ 6.25 ಮತ್ತು 12.5 ಮಿ.ಗ್ರಾಂ.ನ ರೂಪ ಇದೆ.

ಹೆಂಗಸರಿಗೂ ಗಂಡಸರಿಗೂ ಪ್ರಮಾಣ ಬೇರೆ ಎಂಬುದು ಈ ಮಾತ್ರೆಯ ಮುಖ್ಯ ವಿಚಾರ. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ. ಬೆಳಿಗ್ಗೆ ಗಾಡಿ ಓಡಿಸಲಾಗದಷ್ಟು ಮದ್ದು ರಕ್ತದಲ್ಲಿ ಉಳಿಯುವುದನ್ನು ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರ ಜನವರಿಯಲ್ಲಿ ಹೆಂಗಸರ ಡೋಸನ್ನು ಅರ್ಧಕ್ಕಿಳಿಸಿತು: ಸಾಮಾನ್ಯ ರೂಪ 5 ಮಿ.ಗ್ರಾಂ., ನಿಧಾನ ರೂಪ 6.25. ಗಂಡಸರಿಗೂ ಇವುಗಳಿಂದಲೇ ಶುರುಮಾಡುವುದು ಒಳ್ಳೆಯದು. ಅರವತ್ತೈದು ದಾಟಿದವರಿಗೆ ಯಾರಾದರೂ ಸರಿ, 5 ಮಿ.ಗ್ರಾಂ.ಗಿಂತ ಮೇಲಿಲ್ಲ. ನಮ್ಮಲ್ಲಿ ಹೆಂಗಸರ ಚೀಟಿಯಲ್ಲೂ ಮೊದಲ ದಿನವೇ 10 ಎಂದು ಕಂಡರೆ "5ರಿಂದ ಶುರುಮಾಡಬಹುದೇ" ಎಂದು ಕೇಳುವುದು ಅಧಿಕಪ್ರಸಂಗವೇನಲ್ಲ.

ತಪ್ಪು ನಡೆಯುವುದು ಹೆಚ್ಚಾಗಿ ನುಂಗುವ ರೀತಿಯಲ್ಲಿ. ಹತ್ತು ಗಂಟೆಗೆ ಹೊಟ್ಟೆ ತುಂಬ ಮುದ್ದೆ ಸಾರು ಉಂಡು, ಕೈ ತೊಳೆದ ಕೂಡಲೇ ನುಂಗಿದರೆ ಮದ್ದು ರಕ್ತ ಸೇರುವುದು ತಡವಾಗುತ್ತದೆ. ಒಂದು ಗಂಟೆ ಕಾದು, ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುತ್ತಾರೆ. ಎರಡೂ ಕೂಡಿ ಬೆಳಿಗ್ಗೆ ತಲೆ ಎತ್ತಲಾಗದ ಸ್ಥಿತಿ ತರುತ್ತವೆ. ಊಟಕ್ಕೂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ನುಂಗಿದ ಮೇಲೆ ಬಾಗಿಲು, ಗ್ಯಾಸ್, ಮೊಬೈಲ್ ಯಾವುದೂ ಬಾಕಿ ಇರಬಾರದು, ನೇರ ಹಾಸಿಗೆಗೆ. ಏಳಲು ಏಳೆಂಟು ಗಂಟೆ ಇದ್ದರೆ ಮಾತ್ರ ನುಂಗುವುದು. ರಾತ್ರಿ ಎರಡಕ್ಕೆ ಎಚ್ಚರವಾಗಿ ಐದೂವರೆಗೆ ಹಾಲು ತರಲು ಹೋಗಬೇಕಾದವರು ಆ ಹೊತ್ತಿನಲ್ಲಿ ಮಾತ್ರೆ ಮುಟ್ಟಬಾರದು. ನಡುರಾತ್ರಿಗೆಂದೇ ತಯಾರಿಸಿದ ನಾಲಿಗೆಯಡಿ ಇಡುವ ರೂಪ ಅಮೆರಿಕದಲ್ಲಿದೆ, ಅದರಲ್ಲಿರುವುದು ಹೆಂಗಸರಿಗೆ 1.75, ಗಂಡಸರಿಗೆ 3.5 ಮಿ.ಗ್ರಾಂ. ಮಾತ್ರ. ನಮ್ಮ 10ರ ಮಾತ್ರೆ ಅದರ ಬದಲಿಯಾಗಲಾರದು. ನಿಧಾನ ರೂಪವನ್ನು ಮುರಿಯುವುದು, ಅಗಿಯುವುದು ಕೂಡದು. ರಾತ್ರಿಯಿಡೀ ಹಂಚಿಹೋಗಬೇಕಾದ ಮದ್ದು ಒಂದೇ ಸಲ ಬಿಡುಗಡೆಯಾಗುತ್ತದೆ.

ನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆ ಮಾಡುವುದು, ಫೋನ್ ಮಾಡುವುದು, ಗಾಡಿ ತೆಗೆಯುವುದು, ಬೆಳಿಗ್ಗೆ ಅದರ ನೆನಪೇ ಇಲ್ಲದಿರುವುದು ಈ ಗುಂಪಿಗೆ ಅಂಟಿಕೊಂಡ ಅಪರೂಪದ ಆದರೆ ಪ್ರಾಣಕ್ಕೇ ಎರವಾಗಬಲ್ಲ ತೊಂದರೆ. 2019ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಅತಿ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಔಷಧದ ಲೇಬಲ್ಲಿಗೆ ಸೇರಿಸಿದರು. ಒಮ್ಮೆ ಹೀಗಾದರೆ ಡೋಸ್ ಇಳಿಸಿ ನೋಡುವುದಲ್ಲ, ಆ ಮಾತ್ರೆಯನ್ನೂ ಅದರ ಗುಂಪಿನ ಉಳಿದವನ್ನೂ ಮತ್ತೆ ಮುಟ್ಟಬಾರದು. ಒಂಟಿಯಾಗಿರುವವರು ಮೊದಲ ಕೆಲವು ರಾತ್ರಿಗಳಾದರೂ ಮನೆಯಲ್ಲಿ ಇನ್ನೊಬ್ಬರು ಇರುವಂತೆ ನೋಡಿಕೊಳ್ಳಬೇಕು.

ಎಸ್‌ಜೋಪಿಕ್ಲೋನ್ ಮತ್ತು ಜೋಪಿಕ್ಲೋನ್ ಇದೇ ಗುಂಪಿನವು, ಇನ್ನಷ್ಟು ಹೊತ್ತು ಉಳಿಯುವಂಥವು. ಎಸ್‌ಜೋಪಿಕ್ಲೋನ್ ಅರ್ಧಕ್ಕಿಳಿಯಲು ಸುಮಾರು ಆರು ಗಂಟೆ. ನಡುರಾತ್ರಿ ಎಚ್ಚರವಾಗುವವರಿಗೆ ಜೋಲ್ಪಿಡೆಮ್‌ಗಿಂತ ಇದು ವಾಸಿ. ಶುರು 1 ಮಿ.ಗ್ರಾಂ., ಮಿತಿ 3, ವಯಸ್ಸಾದವರಿಗೆ 2. ಬಾಯಲ್ಲಿ ಮರುದಿನವೂ ಉಳಿಯುವ ಕಹಿ ಇದರ ಗುರುತು. 3 ಮಿ.ಗ್ರಾಂ. ತೆಗೆದುಕೊಂಡವರ ಚುರುಕುತನ ಮರುದಿನ ಹಗಲಿನಲ್ಲೂ ಕುಂದಿರುತ್ತದೆ, ಅವರಿಗೆ ಅದು ಗೊತ್ತೇ ಆಗದಿರಬಹುದು.

ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಮತ್ತು ಅವುಗಳ ಬಳಗ

ನಮ್ಮ ಊರುಗಳಲ್ಲಿ ನಿದ್ದೆ ಮಾತ್ರೆ ಎಂದರೆ ಹೆಚ್ಚಾಗಿ ಇವೇ. ಬೆಂಜೊಡಯಾಜೆಪೀನ್ ಗುಂಪಿನ ಇವುಗಳ ಮೂಲ ಕೆಲಸ ಆತಂಕ, ಪ್ಯಾನಿಕ್, ಮೂರ್ಛೆ. ನಿದ್ದೆಯೊಂದಕ್ಕೇ ಇವನ್ನು ಮೊದಲ ಆಯ್ಕೆಯಾಗಿಸಲು ಒಳ್ಳೆಯ ಕಾರಣ ಕಡಿಮೆ. ಆತಂಕದಿಂದಲೇ ನಿದ್ದೆ ಹೋಗಿದ್ದರೆ, ಆತಂಕದ ಮುಖ್ಯ ಔಷಧ ಫಲ ಕೊಡುವವರೆಗಿನ ಎರಡು ಮೂರು ವಾರಕ್ಕೆ ಕೊಡುವುದು ಸರಿಯಾದ ಬಳಕೆ.

ಒಳಗೊಳಗೇ ಇವುಗಳ ಗಡಿಯಾರಗಳು ಬೇರೆ ಬೇರೆ. ಆಲ್ಪ್ರಾಜೋಲಾಮ್ ಅರ್ಧಕ್ಕಿಳಿಯಲು ಸುಮಾರು 11 ಗಂಟೆ, ನೈಟ್ರಾಜೆಪಾಮ್ ಸುಮಾರು ಒಂದು ದಿನ, ಕ್ಲೋನಾಜೆಪಾಮ್ 30ರಿಂದ 40 ಗಂಟೆ. ಡಯಾಜೆಪಾಮ್ ಮತ್ತು ಅದರಿಂದ ದೇಹದೊಳಗೆ ಹುಟ್ಟುವ ಅಂಶಗಳು ಇನ್ನೂ ಹೆಚ್ಚು. ಕ್ಲೋನಾಜೆಪಾಮ್ 0.5 ಮಿ.ಗ್ರಾಂ. ದಿನಾ ರಾತ್ರಿ ನುಂಗಿದರೆ ಹಿಂದಿನ ರಾತ್ರಿಯದ್ದು ಅರ್ಧಕ್ಕಿಳಿಯುವ ಮೊದಲೇ ಹೊಸದು ಸೇರುತ್ತದೆ. ವಾರದ ಹೊತ್ತಿಗೆ ರಕ್ತದಲ್ಲಿರುವುದು ಮೊದಲ ರಾತ್ರಿಗಿಂತ ಎರಡು ಪಟ್ಟಿಗೂ ಹೆಚ್ಚು. "ಮೊದಮೊದಲು ಚೆನ್ನಾಗಿತ್ತು, ಈಗೀಗ ಹಗಲೆಲ್ಲ ಮಂಪರು, ಮರೆವು" ಎಂಬ ದೂರಿನ ಹಿಂದೆ ಬಹುತೇಕ ಇದೇ ಲೆಕ್ಕ ಇರುತ್ತದೆ, ವಯಸ್ಸಾದವರಲ್ಲಂತೂ.

ಆಲ್ಪ್ರಾಜೋಲಾಮ್‌ನ ಕಷ್ಟ ತಿರುಗುಮುರುಗು. ಬೇಗ ಏರಿ, ಬೇಗ ಇಳಿಯುವುದರಿಂದ ಬೆಳಗಿನ ಜಾವಕ್ಕೆ ಎದೆ ಡವಗುಟ್ಟುವುದು, ಹಗಲಲ್ಲೂ ಇನ್ನೊಂದು ಬೇಕೆನಿಸುವುದು. ಬಿಡಿಸುವುದು ಕಷ್ಟವಾದ ಮಾತ್ರೆಗಳ ಸಾಲಿನಲ್ಲಿ ಇದಕ್ಕೆ ಮೇಲಿನ ಸ್ಥಾನ. ನಿದ್ದೆಗೆಂದೇ ಇದನ್ನು ತಿಂಗಳುಗಟ್ಟಲೆ ಬರೆಯುವುದನ್ನು ನಾವು ಒಪ್ಪುವುದಿಲ್ಲ.

ಬ್ರಾಂಡ್ ಹೆಸರಿನ ಬಲೆಯಲ್ಲಿ ಬೀಳುವುದು ಸುಲಭ. ಆಲ್ಪ್ರಾಕ್ಸ್ ಮತ್ತು ರೆಸ್ಟಿಲ್ ಎರಡರಲ್ಲೂ ಇರುವುದು ಆಲ್ಪ್ರಾಜೋಲಾಮ್. ಲೋನಾಜೆಪ್ ಮತ್ತು ರಿವೋಟ್ರಿಲ್ ಎರಡೂ ಕ್ಲೋನಾಜೆಪಾಮ್. ಒಬ್ಬ ವೈದ್ಯರು ಒಂದನ್ನು ಬರೆದು, ಇನ್ನೊಬ್ಬರು ಇನ್ನೊಂದನ್ನು ಬರೆದರೆ ಗೊತ್ತಿಲ್ಲದೆ ಡಬಲ್ ಡೋಸ್. ಇದಕ್ಕಿಂತ ಗುಟ್ಟಾಗಿ ಸೇರುವುದು ಜೋಡಿ ಮಾತ್ರೆಗಳಲ್ಲಿ: ಖಿನ್ನತೆಯ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೋನಾಜೆಪಾಮ್, ಎದೆಬಡಿತದ ಪ್ರೊಪ್ರನೊಲಾಲ್ ಜೊತೆ ಎಟಿಜೋಲಾಮ್, ಹೊಟ್ಟೆ ನುಲಿತಕ್ಕೆ ಕೊಡುವ ಕ್ಲಿಡಿನಿಯಂ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್. ಗ್ಯಾಸ್ಟ್ರಿಕ್ ಮಾತ್ರೆ ಎಂದುಕೊಂಡು ವರ್ಷಗಟ್ಟಲೆ ಬೆಂಜೊಡಯಾಜೆಪೀನ್ ನುಂಗುವವರಿದ್ದಾರೆ. ಸ್ಟ್ರಿಪ್ ಹಿಂಬದಿಯ ಸಣ್ಣಕ್ಷರ ಓದಿ. ಹೆಸರಿನ ಕೊನೆಯಲ್ಲಿ "ಜೆಪಾಮ್", "ಜೋಲಾಮ್", "ಡಯಾಜೆಪಾಕ್ಸೈಡ್" ಕಂಡರೆ ಅದು ಈ ಬಳಗದ್ದೇ.

ಮೆಲಟೋನಿನ್ ಮತ್ತು ರಾಮೆಲ್ಟಿಯಾನ್

ಮೆಲಟೋನಿನ್ ಮಂಪರು ಬರಿಸುವುದಕ್ಕಿಂತ ಹೆಚ್ಚಾಗಿ ದೇಹದ ಗಡಿಯಾರವನ್ನು ಸರಿಸುತ್ತದೆ. ರಾತ್ರಿ ಎರಡು ಮೂರರವರೆಗೆ ನಿದ್ದೆ ಸುಳಿಯದೆ, ಬಿಟ್ಟರೆ ಬೆಳಿಗ್ಗೆ ಹತ್ತರವರೆಗೆ ಸೊಗಸಾಗಿ ಮಲಗುವ ವಿದ್ಯಾರ್ಥಿಗೆ, ಶಿಫ್ಟ್ ಬದಲಾಗುವ ಬೆಂಗಳೂರಿನ ಕಾಲ್ ಸೆಂಟರ್ ಕೆಲಸಗಾರರಿಗೆ, ಅಮೆರಿಕದಿಂದ ಬಂದಿಳಿದವರಿಗೆ ಇದು ತರ್ಕಬದ್ಧ ಆಯ್ಕೆ. ಸಾಮಾನ್ಯ ನಿದ್ರಾಹೀನತೆಗೆ ಇದರ ಬಲ ತೀರಾ ಸಾಧಾರಣ. ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲಿ ಅದಕ್ಕೆ ಇದನ್ನು ಬಳಸದಿರುವುದೇ ಒಳಿತೆಂದಿತು. ಐವತ್ತೈದು ದಾಟಿದವರಿಗೆ ನಿಧಾನ ಬಿಡುಗಡೆಯ 2 ಮಿ.ಗ್ರಾಂ. ಯುರೋಪಿನಲ್ಲಿ ಒಪ್ಪಿತ.

ಅಂಗಡಿಯಲ್ಲಿ 3, 5, 10 ಮಿ.ಗ್ರಾಂ. ಸಿಗುತ್ತವೆ. ಹೆಚ್ಚು ನುಂಗಿದರೆ ಹೆಚ್ಚು ನಿದ್ದೆ ಎಂಬ ಲೆಕ್ಕ ಇಲ್ಲಿಲ್ಲ, ಹೊತ್ತಿನ ಲೆಕ್ಕವೇ ಮುಖ್ಯ. ಗಡಿಯಾರ ಹಿಂದಕ್ಕೆ ತರಬೇಕಾದವರು 0.5ರಿಂದ 3 ಮಿ.ಗ್ರಾಂ. ಅನ್ನು ಸದ್ಯ ನಿದ್ದೆ ಹತ್ತುವ ಹೊತ್ತಿಗಿಂತ ಮೂರು ನಾಲ್ಕು ಗಂಟೆ ಮುಂಚೆ ತೆಗೆದುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಬಿಸಿಲಿಗೆ ಮೈಯೊಡ್ಡಬೇಕು. ಮಲಗುವಾಗ 10 ನುಂಗಿ ಮತ್ತೆ ಫೋನ್ ಹಿಡಿದು ಕೂತರೆ ದುಡ್ಡು ದಂಡ.

ರಾಮೆಲ್ಟಿಯಾನ್ 8 ಮಿ.ಗ್ರಾಂ. ಮೆಲಟೋನಿನ್ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತದೆ. ನಿದ್ದೆ ಹತ್ತುವುದಕ್ಕೆ ಮಾತ್ರ, ಪರಿಣಾಮ ಮೃದು, ಚಟ ಹಿಡಿಸದು. ಹಿಂದೆ ಕುಡಿತದ ಅಥವಾ ಮಾತ್ರೆಯ ಚಟವಿದ್ದವರಿಗೆ ವೈದ್ಯರು ಇದರತ್ತ ಒಲಿಯುವುದು ಅದಕ್ಕೇ. ಕೊಬ್ಬಿನ ಊಟದ ಜೊತೆ ಬೇಡ. ಖಿನ್ನತೆ, ಗೀಳಿಗೆ ಕೊಡುವ ಫ್ಲುವೊಕ್ಸಮೈನ್ ತೆಗೆದುಕೊಳ್ಳುವವರಿಗೆ ಕೊಡಲೇಬಾರದು; ರಕ್ತದಲ್ಲಿ ಇದರ ಮಟ್ಟ ಹತ್ತಾರು ಪಟ್ಟು ಏರಿಬಿಡುತ್ತದೆ. ಮೊದಲ ರಾತ್ರಿಯೇ ಹೊಡೆತ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಬಹಳ, ಎರಡು ವಾರ ನೋಡಬೇಕು.

ಎಚ್ಚರವನ್ನೇ ತಗ್ಗಿಸುವ ಹೊಸ ಗುಂಪು

ಸುವೊರೆಕ್ಸಂಟ್ 2014ರಲ್ಲಿ, ಲೆಂಬೊರೆಕ್ಸಂಟ್ 2019ರಲ್ಲಿ, ದಾರಿಡೊರೆಕ್ಸಂಟ್ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮೆದುಳನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ಸಂಕೇತವನ್ನು ಇವು ತಡೆಯುತ್ತವೆ. ನಿದ್ದೆ ಹತ್ತಲೂ ಉಳಿಯಲೂ ನೆರವು. ನಿಲ್ಲಿಸಿದಾಗಿನ ಒದ್ದಾಟ ಬೆಂಜೊಡಯಾಜೆಪೀನ್‌ಗಳಿಗಿಂತ ಬಹಳ ಕಡಿಮೆ. ಲೆಂಬೊರೆಕ್ಸಂಟ್ 5 ಮಿ.ಗ್ರಾಂ.ನಿಂದ ಶುರು, ಮಿತಿ 10. ಅರ್ಧಕ್ಕಿಳಿಯಲು 17ರಿಂದ 19 ಗಂಟೆ ಬೇಕಾದ್ದರಿಂದ ಬೆಳಿಗ್ಗೆ ತೂಕಡಿಕೆ ಕಾಡಬಹುದು. ನಾರ್ಕೊಲೆಪ್ಸಿ (ಹಗಲಲ್ಲೇ ತಡೆಯಲಾಗದ ನಿದ್ದೆ ಎರಗುವ ಕಾಯಿಲೆ) ಇರುವವರಿಗೆ ನಿಷಿದ್ಧ. ಬೆಲೆ ಹೆಚ್ಚು.

ಖಿನ್ನತೆಯ ಔಷಧಗಳು ನಿದ್ದೆಗೆ

ಬೆಳಗಿನ ಜಾವ ಮೂರು ನಾಲ್ಕಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದವರಿಗೆ ಕಡಿಮೆ ಪ್ರಮಾಣದ ಡಾಕ್ಸೆಪಿನ್ ಒಳ್ಳೆಯ ಆಯ್ಕೆ. ನಿದ್ದೆಗೆ ಪರೀಕ್ಷಿಸಿ ಒಪ್ಪಿದ ಪ್ರಮಾಣ 3ರಿಂದ 6 ಮಿ.ಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾಪ್ಸೂಲ್ 10 ಮತ್ತು 25, ಹಾಗಾಗಿ ವೈದ್ಯರು 10 ಬರೆಯುತ್ತಾರೆ. ಊಟವಾಗಿ ಮೂರು ಗಂಟೆಯ ಅಂತರ ಬೇಕು. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವವರಿಗೆ, ಒಂದು ಬಗೆಯ ಗ್ಲಾಕೋಮಾ ಇರುವವರಿಗೆ ಬೇಡ. ಚಟ ಹಿಡಿಸದು.

ಟ್ರಾಜೊಡೋನ್ 25ರಿಂದ 100 ಮಿ.ಗ್ರಾಂ. ಬಹಳ ಬಳಕೆಯಲ್ಲಿದೆ, ಪುರಾವೆ ಅಷ್ಟಿಲ್ಲ. ಹಾಸಿಗೆಯಿಂದ ಥಟ್ಟನೆ ಎದ್ದರೆ ಬಿ.ಪಿ. ಕುಸಿದು ತಲೆಸುತ್ತು; ಬಿ.ಪಿ. ಮಾತ್ರೆ ಇರುವ ವೃದ್ಧರಿಗೆ ಅಪಾಯ. ಗಂಡಸರಲ್ಲಿ ಬಹಳ ಅಪರೂಪವಾಗಿ ಗಂಟೆಗಟ್ಟಲೆ ಇಳಿಯದ, ನೋವಿನ ನಿಮಿರು ಉಂಟಾಗಬಹುದು. ಹಾಗಾದರೆ ನಾಚಿಕೆ ಬಿಟ್ಟು ನಾಲ್ಕು ಗಂಟೆಯೊಳಗೆ ಆಸ್ಪತ್ರೆ ಸೇರಬೇಕು. ಮಿರ್ಟಜಪಿನ್ 7.5 ಮಿ.ಗ್ರಾಂ. ಖಿನ್ನತೆಯಿಂದ ಊಟ, ನಿದ್ದೆ ಎರಡೂ ಬಿಟ್ಟು ಸೊರಗಿದವರಿಗೆ ಹೇಳಿ ಮಾಡಿಸಿದ್ದು. ಶುಗರ್, ಬೊಜ್ಜು ಇರುವವರಿಗೆ ತೂಕ ಏರಿಸುತ್ತದೆ. ನರದ ನೋವು ಅಥವಾ ಮೈಗ್ರೇನ್ ಜೊತೆಗಿದ್ದರೆ ಅಮಿಟ್ರಿಪ್ಟಿಲಿನ್ 10 ಎರಡಕ್ಕೂ ಆಗುತ್ತದೆ. ಹೃದಯದ ತೊಂದರೆ ಇದ್ದರೆ ಮೊದಲು ಇಸಿಜಿ.

ಕ್ವೆಟಿಯಪಿನ್ 25 ಬರೀ ನಿದ್ದೆಗೆ ಬೇಡ. ಸಣ್ಣ ಡೋಸಿನಲ್ಲೂ ತೂಕ, ಶುಗರ್ ಕೆಡಬಹುದು.

ಅವಿಲ್, ಶೀತದ ಮಾತ್ರೆ, ಕೆಮ್ಮಿನ ಸಿರಪ್ ಕುಡಿದು ಮಲಗುವ ರೂಢಿಯ ಬಗ್ಗೆ ಹೇಳುವುದು ಸ್ವಲ್ಪವೇ. ಕೆಲವೇ ದಿನಗಳಲ್ಲಿ ಇವುಗಳ ನಿದ್ದೆ ಬರಿಸುವ ಗುಣ ಹೋಗುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ವೃದ್ಧರಲ್ಲಿ ಗಲಿಬಿಲಿ ಮಾತ್ರ ಉಳಿಯುತ್ತವೆ.

ಹಾಗಾದರೆ ಆಯ್ಕೆ

ನಿದ್ದೆ ಹತ್ತುವುದೇ ಕಷ್ಟ, ವಯಸ್ಸು ಅರವತ್ತರೊಳಗೆ, ಬೇರೆ ಕಾಯಿಲೆ ಇಲ್ಲ, ಎರಡು ವಾರದ ಸಂಕಟ ದಾಟಬೇಕು ಎಂದರೆ ಜೋಲ್ಪಿಡೆಮ್ 5. ನಡುರಾತ್ರಿಯ ಎಚ್ಚರಕ್ಕೆ ಡಾಕ್ಸೆಪಿನ್. ಅದು ಆಗದಿದ್ದರೆ ಎಸ್‌ಜೋಪಿಕ್ಲೋನ್ 1 ಅಥವಾ ಕೈಗೆಟುಕಿದರೆ ಲೆಂಬೊರೆಕ್ಸಂಟ್. ಆತಂಕವೇ ಮೂಲವಾದರೆ ಆತಂಕದ ಚಿಕಿತ್ಸೆ, ನಡುವೆ ಸ್ವಲ್ಪ ದಿನ ಕ್ಲೋನಾಜೆಪಾಮ್ 0.25. ಖಿನ್ನತೆಯಾದರೆ ಮಿರ್ಟಜಪಿನ್. ಹೊತ್ತು ತಪ್ಪಿದ ನಿದ್ದೆಗೆ ಮೆಲಟೋನಿನ್.

ಅರವತ್ತೈದು ದಾಟಿದವರಲ್ಲಿ ಬೆಂಜೊಡಯಾಜೆಪೀನ್ ಮತ್ತು ಜೋಲ್ಪಿಡೆಮ್ ಗುಂಪು ಎರಡನ್ನೂ ಸಾಧ್ಯವಾದಷ್ಟು ದೂರವಿಡಿ ಎಂದು ವೃದ್ಧಾಪ್ಯ ತಜ್ಞರ ಬೀರ್ಸ್ ಪಟ್ಟಿ ಹೇಳುತ್ತದೆ. ರಾತ್ರಿ ಎರಡಕ್ಕೆ ಮೂತ್ರಕ್ಕೆಂದು ಎದ್ದು, ಕತ್ತಲಲ್ಲಿ ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಭಯ. ಅವರಿಗೆ 6 ಮಿ.ಗ್ರಾಂ. ಮೀರದ ಡಾಕ್ಸೆಪಿನ್, ನಿಧಾನ ಬಿಡುಗಡೆಯ ಮೆಲಟೋನಿನ್ ಅಥವಾ ರಾಮೆಲ್ಟಿಯಾನ್‌ನಿಂದ ಶುರುಮಾಡುವುದು ಮೇಲು. ಯಾವ ಮಾತ್ರೆ ಕೊಟ್ಟರೂ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ.

ಬಸುರಿಯರು, ಹಾಲೂಡಿಸುವವರು, ಲಿವರ್ ಸಿರೋಸಿಸ್ ಇರುವವರು, ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ಕಾಯಿಲೆ ಇರುವವರು, ಉಬ್ಬಸ ಜೋರಿರುವವರು ಇವುಗಳಲ್ಲಿ ಯಾವುದನ್ನೂ ಹಳೆಯ ಚೀಟಿ ತೋರಿಸಿ ಕೊಳ್ಳಬಾರದು.

ಜೊತೆಗೆ ಸೇರಬಾರದ್ದು

ಮದ್ಯ ಮೊದಲನೆಯದು. ಒಂದೇ ಪೆಗ್ ಎಂಬ ವಿನಾಯಿತಿ ಇಲ್ಲ. ಎರಡೂ ಉಸಿರಾಟದ ಕೇಂದ್ರವನ್ನೇ ತಗ್ಗಿಸುತ್ತವೆ. ಮದುವೆ ಮನೆಯಲ್ಲಿ ಕುಡಿದ ರಾತ್ರಿ ಮಾತ್ರೆ ಬಿಟ್ಟು ನಿದ್ದೆಗೆಡುವುದೇ ಕ್ಷೇಮ. ಆದರೆ ಬೆಂಜೊಡಯಾಜೆಪೀನ್ ಅನ್ನು ತಿಂಗಳುಗಟ್ಟಲೆ ನುಂಗುತ್ತಿರುವವರು ಮಾತ್ರೆಯನ್ನು ಹಾಗೆ ಬಿಡುವಂತಿಲ್ಲವಾದ್ದರಿಂದ, ಅವರು ಬಿಡಬೇಕಾದ್ದು ಕುಡಿತವನ್ನೇ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ನೋವಿನ ಪ್ರಿಗಾಬಲಿನ್ ಇವೂ ಅದೇ ದಾರಿಯವು. ಹುಳಕಡ್ಡಿಗೆ ಚರ್ಮದ ವೈದ್ಯರು ಬರೆಯುವ ಇಟ್ರಾಕೊನಜೋಲ್, ಗಂಟಲು ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಇವು ಆಲ್ಪ್ರಾಜೋಲಾಮ್ ಹೊರಹೋಗುವುದನ್ನು ತಡೆದು ಮಟ್ಟ ಏರಿಸುತ್ತವೆ. ಟಿ.ಬಿ.ಯ ರಿಫಾಂಪಿಸಿನ್ ಇದರ ಉಲ್ಟಾ: ಜೋಲ್ಪಿಡೆಮ್ ಬೇಗ ಖಾಲಿಯಾಗಿ ಕೆಲಸವೇ ಮಾಡದು. ಆಗ ಡೋಸ್ ಏರಿಸಿಕೊಂಡು, ಟಿ.ಬಿ. ಕೋರ್ಸ್ ಮುಗಿದ ಮೇಲೂ ಅದೇ ಡೋಸ್ ನುಂಗಿದರೆ ಅಪಾಯ.

ಚೀಟಿ, ಅಂಗಡಿ, ಪ್ರಯಾಣ

ಜೋಲ್ಪಿಡೆಮ್, ಆಲ್ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಇವು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿವೆ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪೊಟ್ಟಣದ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಇರುತ್ತದೆ. "ಪರಿಚಯ" ಎಂದು ಚೀಟಿಯಿಲ್ಲದೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ. ಫೋನಿನಲ್ಲಿ, ವಿಡಿಯೊದಲ್ಲಿ ವೈದ್ಯರು ಇಂಥ ಮಾತ್ರೆ ಬರೆಯುವುದನ್ನು 2020ರ ಟೆಲಿಮೆಡಿಸಿನ್ ನಿಯಮಗಳು ನಿರ್ಬಂಧಿಸಿವೆ, ಆದ್ದರಿಂದ ನೇರ ಭೇಟಿಗೇ ಸಿದ್ಧರಾಗಿ.

ಚೀಟಿಯಲ್ಲಿ ಎಷ್ಟು ಮಾತ್ರೆ ಎಂಬ ಜೊತೆಗೆ ಎಂದು ನಿಲ್ಲಿಸುವುದು ಎಂಬ ತಾರೀಖನ್ನೂ ಬರೆಸಿಕೊಳ್ಳಿ. ಜೋಲ್ಪಿಡೆಮ್ ಗುಂಪು ಮತ್ತು ಬೆಂಜೊಡಯಾಜೆಪೀನ್‌ಗಳಿಗೆ ಎರಡರಿಂದ ನಾಲ್ಕು ವಾರ ಮಿತಿ. ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ ನುಂಗುವುದು ಸಾಧ್ಯವಾದರೆ ಇನ್ನೂ ಉತ್ತಮ. ಒಮ್ಮೆಗೆ 10 ಅಥವಾ 14 ಮಾತ್ರೆ ಸಾಕು. ಮನೆಯಲ್ಲಿ ಹದಿಹರೆಯದವರಿದ್ದರೆ, ಬದುಕು ಬೇಡವೆನ್ನುವವರಿದ್ದರೆ ಮಾತ್ರೆಯ ಬೀಗದ ಕೈ ಇನ್ನೊಬ್ಬರ ಬಳಿ ಇರಲಿ. ಅಂಥ ಯೋಚನೆ ಬಂದವರು 14416ಕ್ಕೆ ಕರೆ ಮಾಡಬಹುದು. ನಿಮ್ಹಾನ್ಸ್ ನೇತೃತ್ವದ ಟೆಲಿ ಮಾನಸ್ ಸೇವೆ ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಾತ್ರೆ ನುಂಗಿ ಎಬ್ಬಿಸಿದರೂ ಏಳದವರನ್ನು, ಉಸಿರು ನಿಧಾನವಾದವರನ್ನು ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ.

ಮಕ್ಕಳ ಮನೆಗೆಂದು ದುಬೈ, ಅಬುಧಾಬಿಗೆ ಹೊರಟ ಹಿರಿಯರು ಇದನ್ನು ಗಮನಿಸಬೇಕು: ಅಲ್ಲಿ ಆಲ್ಪ್ರಾಜೋಲಾಮ್, ಡಯಾಜೆಪಾಮ್‌ನಂಥವು ನಿಯಂತ್ರಿತ ಔಷಧಗಳು, ಮುಂಚಿತ ಅನುಮತಿ ಬೇಕು. ಮಾತ್ರೆ ಬಿಡಿಬಿಡಿಯಾಗಿ ಡಬ್ಬಿಯಲ್ಲಿರದೆ ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಲಿ.

ನಿಲ್ಲಿಸುವುದು

ಎರಡು ವಾರದೊಳಗಿನ ಬಳಕೆಯಾದರೆ ಸಾಮಾನ್ಯವಾಗಿ ನೇರ ನಿಲ್ಲಿಸಬಹುದು. ಮೊದಲ ಎರಡು ಮೂರು ರಾತ್ರಿ ನಿದ್ದೆ ಮೊದಲಿಗಿಂತಲೂ ಕೆಡಬಹುದು. ಇದನ್ನು ಮಾತ್ರೆ ಇಲ್ಲದೆ ಆಗುವುದಿಲ್ಲ ಎಂಬುದರ ಸಾಕ್ಷಿ ಎಂದುಕೊಂಡು ಮತ್ತೆ ಶುರುಮಾಡುವವರೇ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು. ಅದು ಮದ್ದು ಇಳಿಯುವಾಗಿನ ಮರುಹೊಡೆತ, ತಾನಾಗಿ ತಗ್ಗುತ್ತದೆ.

ತಿಂಗಳುಗಟ್ಟಲೆ ನುಂಗಿದವರು ಒಮ್ಮೆಗೇ ನಿಲ್ಲಿಸಬಾರದು. ಬೆಂಜೊಡಯಾಜೆಪೀನ್ ಥಟ್ಟನೆ ನಿಂತರೆ ನಡುಕ, ಬೆವರು, ವಿಪರೀತ ದಿಗಿಲು, ಕೆಲವರಲ್ಲಿ ಫಿಟ್ಸ್ ಕೂಡ ಬರುತ್ತದೆ. ಸ್ಟ್ರಿಪ್ ಖಾಲಿಯಾದದ್ದು ಮರೆತು ಊರಿಗೆ ಹೋದವರಿಗೆ ಹೀಗಾಗುವುದುಂಟು. ಇಳಿಸುವ ವೇಗ ಎರಡು ವಾರಕ್ಕೆ ಕಾಲು ಭಾಗಕ್ಕಿಂತ ಹೆಚ್ಚಿರಬಾರದು. ವರ್ಷಗಳ ಬಳಕೆಯಾದರೆ ಎರಡರಿಂದ ನಾಲ್ಕು ವಾರಕ್ಕೆ ಶೇ. 5ರಿಂದ 10 ಅಷ್ಟೇ. ಕೆಲವು ತಿಂಗಳಿಂದ ಕ್ಲೋನಾಜೆಪಾಮ್ 0.5 ನುಂಗುತ್ತಿರುವವರಿಗೆ ವೈದ್ಯರು ಹಾಕಿಕೊಡಬಹುದಾದ ಮೆಟ್ಟಿಲು ಹೀಗಿರುತ್ತದೆ:

- ಮೊದಲ ಎರಡು ವಾರ 0.375, ಎಂದರೆ 0.25ರ ಒಂದು ಮಾತ್ರೆ ಮತ್ತು ಇನ್ನೊಂದರ ಅರ್ಧ
- ಮುಂದಿನ ಎರಡು ವಾರ 0.25
- ಆಮೇಲೆ 0.125, ಎರಡರಿಂದ ನಾಲ್ಕು ವಾರ
- ಕೊನೆಗೆ ನಿಲ್ಲಿಸುವುದು

ನಡುವೆ ಗೆರೆಯಿರುವ ಮಾತ್ರೆಯನ್ನಷ್ಟೇ ಮುರಿಯಬೇಕು. ಹತ್ತು ಹದಿನೈದು ರೂಪಾಯಿ ಉಳಿಸಲು ದೊಡ್ಡ ಮಾತ್ರೆಯನ್ನು ಚಾಕುವಿನಿಂದ ನಾಲ್ಕು ಚೂರು ಮಾಡಿದರೆ ಚೂರುಗಳು ಸಮನಾಗಿರುವುದಿಲ್ಲ, ಡೋಸ್ ದಿನಕ್ಕೊಂದು ರೀತಿ. ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಇದಕ್ಕೆ ಸಾಕು.

ಕಷ್ಟದ್ದು ಕೊನೆಯ ಮೆಟ್ಟಿಲೇ. 0.5ರಿಂದ 0.375ಕ್ಕೆ ಇಳಿದದ್ದು ಗೊತ್ತೇ ಆಗದವರಿಗೂ 0.125ರಿಂದ ಸೊನ್ನೆಗೆ ಇಳಿಯುವಾಗ ಒದ್ದಾಟವಾಗುತ್ತದೆ. ಅಂಥ ವಾರಗಳಲ್ಲಿ ಪರೀಕ್ಷೆ, ಮದುವೆ, ದೂರದ ಡ್ರೈವಿಂಗ್ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ತೀರಾ ಕಷ್ಟವಾದರೆ ಇದ್ದಲ್ಲೇ ಇನ್ನೆರಡು ವಾರ ನಿಲ್ಲಿ, ಅಥವಾ ವೈದ್ಯರಿಗೆ ಹೇಳಿ ಒಂದು ಮೆಟ್ಟಿಲು ಮಾತ್ರ ಹಿಂದಕ್ಕೆ ಹೋಗಿ. ಮತ್ತೆ ಮೊದಲ ಡೋಸಿಗೇ ಏರುವ ಅಗತ್ಯ ಬಹಳ ಕಡಿಮೆ. ಸಿಬಿಟಿ-ಐಯನ್ನು ಇದೇ ವಾರಗಳಲ್ಲಿ ಜೊತೆಗಿಟ್ಟುಕೊಂಡವರಲ್ಲಿ ಮಾತ್ರೆ ಪೂರ್ತಿ ಬಿಟ್ಟವರ ಪಾಲು ಹೆಚ್ಚು. ಆ ದಿನಗಳಲ್ಲಿ ಏಳುವ ಹೊತ್ತನ್ನು ಭಾನುವಾರವೂ ಬದಲಿಸದೆ, ಮಧ್ಯಾಹ್ನದ ಊಟದ ಮೇಲಿನ ನಿದ್ದೆಯನ್ನು ಕೈಬಿಟ್ಟರೆ ರಾತ್ರಿಯ ಕೆಲಸ ಅರ್ಧ ಹಗುರಾಗುತ್ತದೆ.